ಅವರಿಗೆ ಹೇಳು

ಯಾರೂ ತುಟಿ ಬಿಚ್ಚದ ಸಿನಿಮಾಕ್ಕೆ ಕತ್ತಲಲ್ಲಿ ಕೂತು ಡಬ್ಬಿಂಗ್ ಮಾಡಿದ ಕತ್ತೆ ನಾನೇ. ಬಯ್ಯುವವರು ದಯವಿಟ್ಟು ಸಾಲಾಗಿ ಬನ್ನಿ.

ನಮ್ಮ ಮನೆ ಮಾಲೀಕರು ಧಾರವಾಡದ ಕಡೆಯವರು. ಮರಾಠಿ ನಾಡಿನ ಹಡಪಸರದಲ್ಲಿ ಬಟ್ಟೆ ಅಂಗಡಿ. ಪಕ್ಕದ್ದು ಅವರ ಅಣ್ಣನದು, ನಡುವೆ ಬರೀ ಪ್ಲೈವುಡ್ಡು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ನಾನು ಹೋದರೆ ಸಾಕು, ಮಾಲೀಕರು ಗಜಕೋಲಿನಿಂದ ಪ್ಲೈವುಡ್ಡಿಗೆ ಬಡಿದು ಗುಡುಗುತ್ತಿದ್ದರು: "ಅವರಿಗೆ ಹೇಳು, ಚಹಾ ಬಂದದ!" ಆಚೆಯಿಂದಲೂ ಗುಡುಗು: "ಅವಗ ಹೇಳು, ನನಗ ಕಿವಿ ಕೇಳಸ್ತಾವ!" ನಾನು ಇಬ್ಬರ ದನಿಯನ್ನೂ ಅಣಕಿಸುತ್ತಾ ಆಚೆ ಈಚೆ ಹೇಳಿಬರುತ್ತಿದ್ದೆ.

ಮುನಿಸಿಕೊಂಡ ಅಣ್ಣತಮ್ಮಂದಿರ ಆ ಸಿನಿಮಾವನ್ನು ಜಗಳವಾಡಿ ಕನ್ನಡ ಸಂಘದಲ್ಲಿ ಹಾಕಿಸಿದ್ದು ಮಾಲೀಕರೇ. "ಭಾಳ ಛಲೋ ಅದಲೇ, ಯಾರೂ ಒದರೂದಿಲ್ಲ," ಎಂದು ಒದರಿದ್ದರು. ಅಣ್ಣನನ್ನು ನನ್ನ ಬಾಯಿಂದಲೇ ಕರೆಸಿ, ನಡುವೆ ನನ್ನನ್ನು ಕೂರಿಸಿದರು.

ಪರದೆಯ ಮೇಲೆ ಅಣ್ಣತಮ್ಮ ಇಬ್ಬರೂ ಸುಮ್ಮನೆ ಶೇಂಗಾ ಸುಲಿಯುತ್ತಿದ್ದರು. ತಮ್ಮ ತಾನು ಸುಲಿದ ಕಾಳನ್ನು ಅಣ್ಣನತ್ತ ಸರಿಸಿದ. ಮಾಲೀಕರು ನನ್ನ ಆಚೆ ಕೂತಿದ್ದ ಅಣ್ಣನ ಮುಖ ನೋಡಿದರು. ಆಗಲೇ ನಾನು ಮಾಲೀಕರ ದನಿ ತೆಗೆದೆ: "ಅವರಿಗೆ ಹೇಳು, ಉಪ್ಪು ಕಡಿಮಿ ಅದ!"

ಸಭೆ ನಕ್ಕಿತು. ಅವರಿಬ್ಬರು ನಗಲಿಲ್ಲ. ಮಾಲೀಕರು ಎದ್ದು ನಿಂತರು. ನನ್ನ ತಲೆಯ ಮೇಲಿಂದ ನೇರ ಆಚೆಗೆ ಗುಡುಗಿದರು:

"ಅಣ್ಣಾ, ನೀ ಆ ರಟ್ಟಿ ಹಿಡಿ, ನಾ ಈ ರಟ್ಟಿ ಹಿಡೀತೀನಿ. ಮೊದ್ಲ ಈ ಭಾಡ್ಯಾನ ಹೊರಗ ಹಾಕೂಣು, ಆಮ್ಯಾಲೆ ಇಬ್ಬರೂ ಸಿನಿಮಾ ನೋಡೂಣು!"