ಬೇಡವೆಂದ ನಾಲ್ಕು ದಿನ

ಮೊನ್ನೆ ತಿ. ನರಸೀಪುರದ ಬಸ್ ನಿಲ್ದಾಣದ ಬಳಿ ಪಂಕ್ಚರ್ ಅಂಗಡಿಯವನು ಟ್ಯೂಬಿಗೆ ತೇಪೆ ಹಾಕುತ್ತಿದ್ದ. ಕಾದ ರಬ್ಬರಿನ ವಾಸನೆ ಮೂಗಿಗೆ ಬಡಿದದ್ದೇ, ಕೊತ್ತಂಬರಿ ಸೊಪ್ಪಿನ ಚೌಕಾಸಿ ನನ್ನ ಬಾಯಲ್ಲೇ ನಿಂತಿತು. ನಾನು ಚೌಕಾಸಿ ನಿಲ್ಲಿಸುವುದೆಂದರೆ ಸಾಮಾನ್ಯವೇ? ಮಾರುವವಳೇ ಗಾಬರಿಯಾಗಿ, “ತಕಳಿ ಸಾ, ನೀವ್ ಕೇಳಿದ್ದಕ್ಕೇ ಕೊಡ್ತೀನಿ” ಅಂದಳು.

ತೊಂಬತ್ತರ ದಶಕದ ಕೊನೆಯಲ್ಲಿ ನನಗೊಂದು ಅಕ್ಕಿ ಗಿರಣಿಯಿತ್ತು. ನಂಜನಗೂಡಿನವರೊಬ್ಬರು ಕಬ್ಬಿಣದ ಉರುಳೆಯ ಹಳೆಯ ಹಲ್ಲರ್ ಯಂತ್ರ ಕಿತ್ತುಹಾಕಿ, ಭತ್ತ ಸುಲಿಯಲು ರಬ್ಬರ್ ರೋಲಿನ ಯಂತ್ರ ತಂದರು. ಅಕ್ಕಿ ನುಚ್ಚಾಗುವುದಿಲ್ಲವಂತೆ. ನಮ್ಮಲ್ಲಿ ಹೊಸ ಯಂತ್ರವನ್ನು ಯಾರೂ ಓದಿ, ತಿಳಿದು, ಆಮೇಲೆ ಕೊಳ್ಳುವುದಿಲ್ಲ; ಪಕ್ಕದವನ ಗಿರಣಿಯ ಪೂಜೆಗೆ ಹೋಗಿ, ಪ್ರಸಾದ ತಿನ್ನುತ್ತ ಒಂದು ಸುತ್ತು ಬಂದು, “ಎಷ್ಟಕ್ಕಾಯ್ತು?” ಎಂದು ಕೇಳಿ ಕೊಂಡುಬಿಡುತ್ತೇವೆ. ನಾನೂ ಹಾಗೇ ಕೊಂಡೆ, ಅವರಿಗಿಂತ ಕಮ್ಮಿಗೆ. ಹೇಗೆ ಗೊತ್ತೇ? ನಾಲ್ಕು ದಿನ ಇದ್ದು ಕಲಿಸಿಕೊಡುವ ಕಂಪನಿಯ ಫಿಟ್ಟರ್ ಬೇಡವೆಂದು, ಅವನ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಂಡೆ. “ನಮ್ ಮಾದಯ್ಯ ಇಪ್ಪತ್ತು ವರ್ಸದಿಂದ ಗಿರಣಿ ಓಡಿಸ್ತಾವ್ನೆ ಕಣ್ರೀ, ಅವನಿಗೇನ್ ಕಲಿಸ್ತೀರಿ?”

ಮಾದಯ್ಯನಿಗೂ ಹೆಮ್ಮೆ. ಹಲ್ಲರಿನಲ್ಲಿ ಹಸಿ ಭತ್ತ ಕಟ್ಟಿಕೊಂಡರೆ, ಭತ್ತ ಸುರಿಯುವ ಬಾಯಿಗೆ ಕೈಹಾಕಿ ತಳ್ಳುವುದು ವಾಡಿಕೆ. ಉರುಳೆ ಕೆಳಗೆ ದೂರದಲ್ಲಿರುತ್ತಿತ್ತು. ಹೊಸದರಲ್ಲಿ ರೋಲುಗಳು ಬಾಯಿಂದ ಗೇಣಿಗಿಂತ ಹತ್ತಿರ. ಮೂರನೆಯ ದಿನ ಭತ್ತ ಕಟ್ಟಿತು. ಕೈ ತಾನಾಗಿ ಹೋಯಿತು. ಬೆಲ್ಟು ಜಾರಿಸಿ ಯಂತ್ರ ನಿಲ್ಲಿಸುವಷ್ಟರಲ್ಲಿ ಬಲಗೈಯ ಮೂರು ಬೆರಳಿರಲಿಲ್ಲ. ಗಿರಣಿಯ ತುಂಬ ರಬ್ಬರಿನ ಬಿಸಿ ವಾಸನೆ.

ಆಸ್ಪತ್ರೆಯಲ್ಲಿ, “ನಿನ್ ಕೆಲಸ ಎಲ್ಲೂ ಹೋಗಲ್ಲ ಮಾದಯ್ಯ” ಎಂದೆ.

“ಕೆಲ್ಸ ಅದೆ ಸಾವ್ಕಾರ್ರೇ, ಕೈ ಎಲ್ಲದೆ?” ಅಂದ. ಮತ್ತೆ ಗಿರಣಿಗೆ ಬರಲಿಲ್ಲ.

ಬಂದವರು ಸುತ್ತಲಿನ ಗಿರಣಿ ಮಾಲೀಕರು. ಮಾದಯ್ಯನ ಬಗ್ಗೆ ಲೊಚಗುಟ್ಟಿ, ಅಷ್ಟು ಕಮ್ಮಿಗೆ ಹೇಗೆ ಕುದುರಿತೆಂದು ಕೇಳಿದರು. ಹೇಳಿಬಿಟ್ಟೆ, ಬುದ್ಧಿ ಹೇಳುವ ಚಟ ನೋಡಿ. ಯಂತ್ರದ ಬೆನ್ನಿಗೇ ನನ್ನ ಚೌಕಾಸಿಯೂ ಗಿರಣಿಯಿಂದ ಗಿರಣಿಗೆ ಹೋಯಿತು. ಆ ವರ್ಷವೇ ಎರಡು ಊರಾಚೆ ಇನ್ನೊಬ್ಬನ ಹೆಬ್ಬೆರಳು ಹೋಯಿತು.

ನಿನ್ನೆ ಹದಿನಾರು ಎಂಬ ಊರಿನ ಗಿರಣಿ ಮಾಲೀಕನೊಬ್ಬ ಬಂದಿದ್ದ. “ಹೊಸಾ ಪಾಲಿಷ್ ಮಿಷನ್ನು ಸಾ. ನೀವ್ ಬಂದು ರೇಟ್ ಇಳಿಸ್ಕೊಡಿ.”

“ಬತ್ತೀನಿ. ಅದನ್ನ ಓಡಿಸೋನ್ನೂ ಕರ್ಕೊಂಡ್ ಬಾ. ಕಲಿಯಕ್ಕೆ ಎಷ್ಟು ದಿನ ಬೇಕು ಅಂತ ಅವನೇ ಹೇಳ್ಲಿ.”

“ಆಳ್ನ ಕೂರಿಸ್ಕೊಂಡು ಯಾಪಾರ್ವಾ? ಸರೋಯ್ತು!” ಎಂದು ನಕ್ಕು ಎದ್ದ. ಸಂಜೆಗೆ ಒಬ್ಬನೇ ಹೋಗಿ, ಕಲಿಸುವವನೇ ಬೇಡವೆಂದು ಕುದುರಿಸಿದನಂತೆ, ನಾನು ಇಳಿಸುತ್ತಿದ್ದುದಕ್ಕಿಂತಲೂ ಕಮ್ಮಿಗೆ.

ಈಗ ಹದಿನಾರಿಗೆ ಹೊರಟಿದ್ದೇನೆ, ಆ ಓಡಿಸುವವನನ್ನು ಹುಡುಕಿಕೊಂಡು. ಅವನ ಹೆಸರೇನೆಂದು ಕೇಳಲೂ ನಿನ್ನೆ ನನಗೆ ತೋಚಿರಲಿಲ್ಲ.