ದೊಡ್ಡಣ್ಣ ಕುದುರೆಗೆ ಬೇಲಿ ಕಟ್ಟಿದ್ದು

ಕೆಂಗೇರಿಯ ದೊಡ್ಡಣ್ಣನಿಗೆ ಎರಡು ಬಿಳಿ ಕುದುರೆಗಳಿದ್ದವು, ಬೆಳ್ಳಿ ಮತ್ತು ಅವಳ ಮಗಳು ಚುಕ್ಕಿ. ವಿಜಯನಗರ, ರಾಜಾಜಿನಗರ, ಎಲ್ಲಿ ಮದುವೆಯಿದ್ದರೂ ಮದುಮಗನನ್ನು ಹೊತ್ತು ಛತ್ರದ ಬಾಗಿಲಿಗೆ ತಂದು ನಿಲ್ಲುವುದು ಬೆಳ್ಳಿಯ ಕೆಲಸ. ಮದುಮಗ ಇಳಿದು ಒಳಗೆ ಹೋಗುತ್ತಿದ್ದ, ಕುದುರೆ ಅಲ್ಲಿಂದಲೇ ಹಿಂದಕ್ಕೆ ತಿರುಗುತ್ತಿತ್ತು.

ಉಳಿದ ಹೊತ್ತೆಲ್ಲ ಮನೆ ಮುಂದಿನ ಗೂಟ. 2004ರ ಮಳೆಗಾಲ ಮುಗಿಯುವ ಹೊತ್ತಿಗೆ ಬೆಳ್ಳಿಯ ಹಿಂಗಾಲು ಬಾತವು. ಹಗ್ಗ ಬಿಚ್ಚಿ ಓಡಾಡಲು ಬಿಡದಿದ್ದರೆ ಇವಳು ಇನ್ನು ಮೆರವಣಿಗೆಗೆ ಬರುವುದಿಲ್ಲ ಎಂದು ದನದ ಡಾಕ್ಟರು ಹೇಳಿಹೋದರು.

ಬಿಡುವುದೆಲ್ಲಿ? ಸುತ್ತಲಿನ ಹೊಲವೆಲ್ಲ ಲೇಔಟಾಗಿತ್ತು. ಉಳಿದದ್ದು ಹಿತ್ತಲಿನ ಜಾಗ ಒಂದೇ. ಅಲ್ಲಿ ಬಾಡಿಗೆ ಮನೆ ಕಟ್ಟಬೇಕೆಂಬುದು ಹೆಂಡತಿ ಚಿಕ್ಕಲಕ್ಷ್ಮಮ್ಮನ ಆಸೆ. ದೊಡ್ಡಣ್ಣ ಹೆಚ್ಚು ಮಾತಾಡುವವನಲ್ಲ. ಅವಳನ್ನು ಕರೆದೊಯ್ದು ಬೆಳ್ಳಿಯ ಕಾಲು ಮುಟ್ಟಿಸಿದ. ಅವಳು ಒಳಗೆ ಹೋಗಿ ಹಾರೆ ತಂದುಕೊಟ್ಟಳು.

"ಊರೋರೆಲ್ಲ ಮನುಷ್ಯರಿಗೆ ಮನೆ ಕಟ್ತಾರೆ. ನಮ್ಮೋರು ಕುದ್ರೆಗೆ."

ಬ್ಯಾಂಡ್ ಸೆಟ್ಟಿನ ಕಾಂತರಾಜು ಕೈಜೋಡಿಸಿದ. ಮುಳ್ಳುತಂತಿ ಎಳೆದರೆ ಬೇಗ ಮುಗಿಯುತ್ತದೆ ಎಂದ. ಕುದುರೆ ಬೆದರಿದರೆ ತಂತಿ ಕಾಣುವುದಿಲ್ಲ, ಮೈ ಸೀಳಿಬಿಡುತ್ತದೆ ಎಂದು ದೊಡ್ಡಣ್ಣ ಒಪ್ಪಲಿಲ್ಲ. ಕಲ್ಲುಕಂಬ ನೆಟ್ಟು ಅಡ್ಡಕ್ಕೆ ಸರ್ವೆ ಮರದ ಗಳ ಕಟ್ಟಿದರು. ಗಳದ ಗಂಟುಗಳನ್ನೆಲ್ಲ ಕೆತ್ತಿ ನಯ ಮಾಡಿದರು. ನೆಲದಲ್ಲಿದ್ದ ಗಾಜಿನ ಚೂರುಗಳನ್ನು ಚಿಕ್ಕಲಕ್ಷ್ಮಮ್ಮ ಬೈದುಕೊಂಡೇ ಹೆಕ್ಕಿದಳು.

ಪೂಜೆಯಿಲ್ಲದೆ ಒಳಗೆ ಬಿಡಕೂಡದೆಂದು ಹಟ ಹಿಡಿದವಳೂ ಅವಳೇ. ಗೇಟಿನ ಎರಡು ಬದಿಗೂ ಬಾಳೆಕಂದು ಕಟ್ಟಿದಳು. ಮಾವಿನ ತೋರಣ, ಸೇವಂತಿಗೆ ಹಾರ. ಬೀದಿಯವರೆಲ್ಲ ಸೇರಿದರು.

ಬೆಳ್ಳಿ ಕುಂಟುತ್ತ ಬಂದು ಗೇಟಿನಲ್ಲಿ ನಿಂತಳು. ಎಳೆದರೂ ಬರಲಿಲ್ಲ, ಬೆಲ್ಲ ತೋರಿಸಿದರೂ ಬರಲಿಲ್ಲ. ಜಾಗದಲ್ಲೇ ಏನೋ ದೋಷವಿರಬೇಕೆಂದು ಜನ ಗುಸುಗುಸು ಶುರುಮಾಡಿದರು.

ಮತ್ತೆ ಗೂಟಕ್ಕೆ ಕಟ್ಟಿದರೆ ಕಾಲಿನ ಕಥೆ ಮುಗಿಯಿತು. ದೊಡ್ಡಣ್ಣ ಬೆಳ್ಳಿಯ ಮುಖ ನೋಡಿದ. ಹೆದರಿಕೆ ಇರಲಿಲ್ಲ. ಬೆನ್ನ ಮೇಲಿಂದ ಯಾರೋ ಇಳಿಯಬೇಕೆಂಬಂತೆ ಮೈ ಅಲುಗಿಸದೆ ನಿಂತಿದ್ದಳು.

"ಛತ್ರ ಅನ್ಕೊಂಡವ್ಳೆ ಕಣೇ," ಎಂದ. "ನಾನೇ ಕಲ್ಸಿದ್ದು, ತೋರಣ ಕಂಡ್ರೆ ನಿಂತ್ಕೋ ಅಂತ."

"ಪೂಜೆ ಮುಗಿಯೋಕ್ಮುಂಚೆ ತೋರಣ ಬಿಚ್ತಾರೇನ್ರೀ?"

"ಕಾಲು ನೋಡು."

ಚಿಕ್ಕಲಕ್ಷ್ಮಮ್ಮ ನೋಡಿದಳು. ಆರತಿ ತಟ್ಟೆಯನ್ನು ಕಾಂತರಾಜುವಿನ ಕೈಗಿಟ್ಟು ಕುಡುಗೋಲು ತಂದಳು. ತೋರಣ ಕಿತ್ತಳು, ಬಾಳೆಕಂದು ಕಡಿದು ಬೇಲಿಯೊಳಕ್ಕೆ ಎಸೆದಳು.

ಬೆಳ್ಳಿ ಒಂದು ಹೆಜ್ಜೆ ಇಟ್ಟಳು. ಇನ್ನೊಂದು. ಬಾಳೆ ಎಲೆಗೆ ಬಾಯಿ ಹಾಕಿದಳು. ಚುಕ್ಕಿ ಹಿಂದೆಯೇ ನುಗ್ಗಿದಳು. ದೊಡ್ಡಣ್ಣ ಹಗ್ಗ ಬಿಚ್ಚಿದ್ದೇ ತಡ, ಬೆಳ್ಳಿ ನಾಲ್ಕೂ ಕಾಲು ಆಕಾಶಕ್ಕೆತ್ತಿ ಕೆಮ್ಮಣ್ಣಿನಲ್ಲಿ ಹೊರಳಾಡಿದಳು. ಬಿಳಿ ಕುದುರೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು.

ಮಾಘದ ಲಗ್ನಗಳ ಹೊತ್ತಿಗೆ ಬಾವು ಇಳಿದು ಬೆಳ್ಳಿ ಮತ್ತೆ ಮೆರವಣಿಗೆಗೆ ಹೊರಟಳು. ಮದುವೆಯಿದ್ದ ದಿನ ಗಂಡ ಹೆಂಡತಿ ಇಬ್ಬರೂ ಬಕೆಟ್ಟು ಹಿಡಿದು ಅವಳನ್ನು ಉಜ್ಜುತ್ತಿದ್ದರು. ಹಿಂದಿರುಗಿದ ಕೂಡಲೇ ಅವಳು ಮತ್ತೆ ಮಣ್ಣಿಗೇ ಓಡುತ್ತಿದ್ದಳು.