ಎರಡು ಬೆರಳಗಲದ ನೇಯ್ಗೆ

ಗೇಟಿನ ಹೆಂಗಸು ನನ್ನ ಬಳೆಗೆ ಸಿಕ್ಕಿಸಿದ್ದ ಪಿನ್ನುಗಳನ್ನೆಲ್ಲ ಕಿತ್ತು ಡಬ್ಬಿಗೆ ಹಾಕಿದಳು. ಹೊಲಿಗೆ ಫ್ಯಾಕ್ಟರಿಯೊಳಗೆ ಪಿನ್ನು ಒಯ್ಯಬಾರದಂತೆ. ಬಟ್ಟೆಯಲ್ಲಿ ಸೇರಿಕೊಂಡರೆ ಗತಿಯೇನು! ಮೂರು ವರ್ಷದಲ್ಲಿ ಹಿಂದೂಪುರದಲ್ಲಿ ನಾನು ಕೆಲಸ ಕೇಳಿಕೊಂಡು ಬಂದ ನಾಲ್ಕನೇ ಗೇಟು ಇದು. ಆದರೂ ಕೈ ಬರಿದಾದಂತೆ ಅನ್ನಿಸಿ ಹೆದರಿಕೆಯಾಯಿತು.

ನಮ್ಮೂರು ಕಲ್ಯಾಣದುರ್ಗದಲ್ಲಿ ನಾನು ಯಾರ ಮಗಳೆಂದು ಆಟೋದವರಿಗೂ ಗೊತ್ತು. ಇಲ್ಲಿ ನಾನೊಂದು ಟೋಕನ್ ನಂಬರು. ಬಾಡಿಗೆ ಮನೆಯ ಓನರಮ್ಮ ಕೂಡ ‘ಮೇಲಿನ ರೂಮಿನೋಳು’ ಅಂತಲೇ ಕರೆಯುತ್ತಾರೆ. ಯಾಕೆ ಹೀಗೆ ಮೇಲಿಂದ ಮೇಲೆ ಕೆಲಸ ಬಿಡುತ್ತೀಯ ಎಂದು ಊರಿನವರೆಲ್ಲ ಕೇಳುತ್ತಾರೆ. ಒಂದೇ ಕಡೆ ಕೂತರೆ ಇಲ್ಲಿ ಯಾರೂ ಮೇಲಕ್ಕೆತ್ತುವುದಿಲ್ಲ. ಹೆಲ್ಪರಾಗಿ ಸೇರಿದವಳು ಗೇಟು ಬದಲಾಯಿಸಿ ಟೈಲರಾದೆ, ಮತ್ತೆ ಬದಲಾಯಿಸಿ ಚೆಕ್ಕರಾದೆ. ಈಗ ಸೂಪರ್‌ವೈಸರ್ ಆಗಬೇಕೆಂದು ಬಂದಿದ್ದೆ. ಆದರೆ ಮೂರನೇ ಕಡೆ ಆರ್ಡರು ಅರ್ಧ ಇರುವಾಗಲೇ ಹೇಳದೆ ಕೇಳದೆ ಬಿಟ್ಟು ಬಂದಿದ್ದೆ. ಹೇಳಿದ್ದರೆ ಅವರು ಬಿಡುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಇದು ದೊಡ್ಡ ತಪ್ಪು. ಮಗ್ಗದ ಮೇಲಿನ ಸೀರೆ ಮುಗಿಸಿಕೊಡದೆ ನಮ್ಮವರು ನೂಲು ಕೊಟ್ಟ ಯಜಮಾನನನ್ನು ಬಿಡುವುದಿಲ್ಲ. ನಡುವೆ ಬೇರೆಯವರು ಕೂತರೆ ಹಲಗೆ ಬಡಿಯುವ ಏಟಿನ ಹದ ಬದಲಾಗಿ ಸೀರೆಯಲ್ಲಿ ಗೆರೆ ಬೀಳುತ್ತದೆ. ಅಮ್ಮನೂ ನಾನೂ ಮಾತ್ರ ಒಂದೇ ಸೀರೆಯನ್ನು ಸರದಿಯಲ್ಲಿ ನೇಯುತ್ತಿದ್ದೆವು. ಎಲ್ಲಿ ಅವಳ ಕೈ ನಿಂತಿತು, ಎಲ್ಲಿ ನನ್ನದು ಶುರುವಾಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ.

ಮ್ಯಾನೇಜರು ನನ್ನ ಕಾಗದ ನೋಡಿ, “ಇಕ್ಕಡೈನಾ ಉಂಟಾವಾ ಅಮ್ಮಾ?” ಅಂದರು. ತೆಲುಗಿನಲ್ಲಿ, ಇಲ್ಲಾದರೂ ಇರ್ತೀಯಾ ಎಂದು. ಇರ್ತೀನಿ ಸಾರ್ ಅಂದೆ. ನನ್ನ ಮಾತಿನ ಮೇಲೆ ನನಗೇ ನಂಬಿಕೆ ಬರಲಿಲ್ಲ. ಆಮೇಲೆ ಅವರು ನನ್ನೆದುರೇ ಹಳೆಯ ಕಂಪನಿಗೆ ಫೋನು ಮಾಡಿದರು. ಸಿಕ್ಕಿಬಿದ್ದೆ, ಇನ್ನು ಈ ಊರಲ್ಲಿ ಯಾರೂ ನನಗೆ ಕೆಲಸ ಕೊಡೋಲ್ಲ ಅಂದುಕೊಂಡೆ.

ಅವರು ಫೋನಿಟ್ಟು ನಕ್ಕು, ಈ ಸಲ ಕನ್ನಡದಲ್ಲೇ ಅಂದರು. “ಸುವರ್ಣ ಅಂದ್ರೆ ಯಾರು ಅಂತ ಅವ್ರಿಗೆ ನೆನಪೇ ಇಲ್ವಂತೆ ಕಣಮ್ಮ. ಕಂಪ್ಲೇಂಟೂ ಇಲ್ಲ. ಸೋಮವಾರದಿಂದ ಬಾ, ಸೂಪರ್‌ವೈಸರ್ ಮಾಡ್ತೀವಿ.”

ಗೆದ್ದೆ. ಆದರೆ ಹೊರಗೆ ಬಂದು ಪಿನ್ನು ವಾಪಸು ಸಿಕ್ಕಿಸಿಕೊಳ್ಳುವಾಗ ಮೊದಲಿಗಿಂತ ಜಾಸ್ತಿ ಹೆದರಿಕೆಯಾಯಿತು. ಅಯ್ಯೋ, ಒಂದು ವರ್ಷ ಅಲ್ಲಿ ದುಡಿದಿದ್ದೆನಲ್ಲ, ಒಬ್ಬರಿಗೂ ನೆನಪಿಲ್ಲವೇ!

ಭಾನುವಾರ ಊರಿಗೆ ಹೋದೆ. “ಹಳೇ ಕಡೆ ಹೇಳಿ ಬಂದ್ಯೇನೇ?” ಅಮ್ಮ ಮೊದಲು ಕೇಳಿದ್ದೇ ಅದು.

“ಹೂಂ, ಹೇಳ್ಬುಟ್ಟೇ ಬಂದೆ ಕಣಮ್ಮ,” ಎಂದು ಸುಳ್ಳು ಹೇಳಿದೆ.

ಅವಳು ಒಗ್ಗರಣೆ ಹಾಕಲು ಎದ್ದು ಹೋದಾಗ ನಾನು ಅವಳ ಅರ್ಧ ಸೀರೆಯಿದ್ದ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತೆ. ಲಾಳಿ ಎಸೆದೆ, ಹಲಗೆ ಬಡಿದೆ. ಹೆದರಿಕೆ ಮೊದಲ ಸಲ ಸ್ವಲ್ಪ ತಗ್ಗಿತು. ಎರಡು ಬೆರಳಗಲ ನೇಯ್ದಿದ್ದೆ, ಅಷ್ಟೇ.

ಅಮ್ಮ ಬಂದು ಬಟ್ಟೆಯ ಮೇಲೆ ಹೆಬ್ಬೆರಳು ಆಡಿಸಿದಳು. ಗೆರೆ ನನಗೂ ಕಾಣಿಸಿತು.

“ಇದ್ಯಾರೇ ಕೂತಿದ್ದು?”

“ನಾನೇ ಕಣಮ್ಮ.”

“ನಿನ್ ಕೈ ನಂಗೊತ್ತಿಲ್ವಾ? ಪಕ್ಕದ್ಮನೆಯೋಳು ಬಂದಿದ್ಲಾ?”

“ಯಾರೂ ಬಂದಿಲ್ಲಮ್ಮ. ನಂದೇ ಕೈ ಇದು.”

ಅಮ್ಮ ನನ್ನ ಮುಖ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಧೈರ್ಯವಾಗುತ್ತಿತ್ತು. ನಾನು ನೇಯ್ದಷ್ಟರ ನೂಲು ಬಿಚ್ಚಲು ಬಗ್ಗಿದಳು.

“ಬಿಚ್ಬೇಡಮ್ಮ,” ಎಂದು ಅವಳ ಕೈ ಹಿಡಿದುಕೊಂಡೆ. “ಅಷ್ಟಾದ್ರೂ ನಂದು ಅಂತ ಇರ್ಲಿ.”